‘ಸೈನ್ಯ ಇರಲಿಲ್ಲ’ ಎಂಬ ಉತ್ತರಕ್ಕೆ ಪೂರ್ತಿ ಅಂಕ ಕೊಡಬೇಡಿ: ಪಠ್ಯ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಹತ್ತನೇ ತರಗತಿಯ ಸಮಾಜ ವಿಜ್ಞಾನದ ಪಠ್ಯ ಬರೆಯುವವರಿಗೆ, ಪ್ರಶ್ನೆಪತ್ರಿಕೆ ತೆಗೆಯುವವರಿಗೆ, ಕೀ ಉತ್ತರ ಸಿದ್ಧ ಮಾಡುವವರಿಗೆ ಈ ಪತ್ರ. ನಾನು ಪ್ರೌಢಶಾಲೆಯಲ್ಲಿ ಇದೇ ವಿಷಯ ಪಾಠ ಮಾಡುವವನು. ಒಂದೇ ಒಂದು ಪ್ರಶ್ನೆಯ ಬಗ್ಗೆ ನನ್ನ ತಕರಾರು. ಅದು ನಿಮಗೂ ಚೆನ್ನಾಗಿ ಗೊತ್ತಿರುವ ಪ್ರಶ್ನೆಯೇ: ಮೊದಲ ಮಹಾಯುದ್ಧದ ನಂತರ ದೇಶಗಳ ನಡುವೆ ಶಾಂತಿ ಕಾಯಲೆಂದು ಹುಟ್ಟಿದ ಲೀಗ್ ಆಫ್ ನೇಷನ್ಸ್ ವಿಫಲವಾಗಲು ಕಾರಣಗಳೇನು?

ಗೈಡುಗಳಲ್ಲಿ, ಟ್ಯೂಷನ್ ನೋಟ್ಸಿನಲ್ಲಿ, ಪಾಸಿಂಗ್ ಪ್ಯಾಕೇಜಿನಲ್ಲಿ ಇದಕ್ಕೆ ಸಿದ್ಧ ಉತ್ತರ ಇದೆ. ಅದಕ್ಕೆ ಸ್ವಂತ ಸೈನ್ಯ ಇರಲಿಲ್ಲ. ಅಮೆರಿಕ ಸೇರಲಿಲ್ಲ. ಯಾವ ತೀರ್ಮಾನಕ್ಕೂ ಎಲ್ಲರ ಒಪ್ಪಿಗೆ ಬೇಕಿತ್ತು. ಮಕ್ಕಳು ಬಾಯಿಪಾಠ ಮಾಡಿ ಬರೆಯುತ್ತಾರೆ, ನಾವು ಟಿಕ್ ಹಾಕುತ್ತೇವೆ. ಮೂರೂ ಸುಳ್ಳಲ್ಲ. ಆದರೆ ಮೂರನ್ನೂ ಓದಿದ ಹುಡುಗನ ತಲೆಯಲ್ಲಿ ಉಳಿಯುವುದೇನು? ಪಾಪ, ಒಳ್ಳೆಯ ಸಂಸ್ಥೆ, ಕೈಯಲ್ಲಿ ಬಲ ಇರಲಿಲ್ಲ, ಎದುರಿಗಿದ್ದವರು ಭಾರೀ ಗಟ್ಟಿಗರು, ಹಾಗಾಗಿ ಸೋತಿತು. ಇದನ್ನು ಒಪ್ಪುವುದು ನನಗೆ ಕಷ್ಟ. ಬಲ ಇತ್ತು. ಬಳಸಲಿಲ್ಲ. ಬಳಸುವುದು ಬೇಡ ಎಂದು ಯಾರು ತೀರ್ಮಾನಿಸಿದರು, ಯಾವ ತಿಂಗಳು, ಯಾವ ಲೆಕ್ಕಾಚಾರದಲ್ಲಿ ಎಂಬುದೆಲ್ಲ ದಾಖಲೆಯಲ್ಲಿದೆ.

ಮೊದಲು ಸೈನ್ಯದ ಮಾತು. ಲೀಗಿಗೆ ಕಾಯಂ ಸೈನ್ಯ ಇರಲಿಲ್ಲ ಎಂಬುದು ನಿಜ. ಆದರೆ ಬೇಕೆನಿಸಿದಾಗ ಅದು ಸೈನ್ಯ ಕೂಡಿಸಿದ್ದುಂಟು. ಜರ್ಮನಿ ಮತ್ತು ಫ್ರಾನ್ಸ್ ನಡುವಿನ ಸಾರ್ ಎಂಬ ಕಲ್ಲಿದ್ದಲಿನ ನಾಡು ಯಾರಿಗೆ ಸೇರಬೇಕೆಂದು 1935ರ ಜನವರಿ 13ರಂದು ಜನಮತ ನಡೆಯಿತು. ಗಲಭೆ ಆಗಬಾರದೆಂದು ಲೀಗ್ ಸುಮಾರು 3,300 ಸೈನಿಕರನ್ನು ಅಲ್ಲಿಗೆ ಕಳಿಸಿತು. ಬ್ರಿಟನ್, ಇಟಲಿ, ಸ್ವೀಡನ್, ನೆದರ್ಲೆಂಡ್ಸ್ ನಾಲ್ಕೂ ದೇಶದವರು ಒಂದೇ ಕೆಲಸಕ್ಕೆ ನಿಂತರು. ಮತದಾನ ಶಾಂತವಾಗಿ ಮುಗಿಯಿತು. 90 ಶೇಕಡಾಕ್ಕಿಂತ ಜಾಸ್ತಿ ಜನ ಜರ್ಮನಿಯನ್ನು ಆರಿಸಿದರು, ಸಾರ್ ಹಿಟ್ಲರನ ಕೈಗೆ ಹೋಯಿತು. ಆ ಮಾತು ಬೇರೆ. ಶಾಂತಿಪಾಲನಾ ಪಡೆ ಕಟ್ಟುವುದು ಆಗಲೇ ಸಾಧ್ಯವಿತ್ತು ಎಂಬುದಷ್ಟೇ ಇಲ್ಲಿ ಮುಖ್ಯ. ಇನ್ನೊಂದು ಸಂಗತಿ ನೋಡಿ. 1934ರ ಡಿಸೆಂಬರಿನಲ್ಲಿ ಇಟಲಿಯ ಸರ್ವಾಧಿಕಾರಿ ಮುಸೊಲಿನಿಯ ಸೈನಿಕರು ಸಾರ್‌ನಲ್ಲಿ ಲೀಗಿನ ಪರವಾಗಿ ಶಾಂತಿ ಕಾಯಲು ಬಂದಿಳಿದರಲ್ಲ, ಅದೇ ತಿಂಗಳು 5ನೇ ತಾರೀಕು ಆಫ್ರಿಕಾದ ವಾಲ್‌ವಾಲ್ ಎಂಬ ನೀರಿನ ಬಾವಿಗಳ ಜಾಗದಲ್ಲಿ ಅವನದೇ ಪಡೆಗಳು ಇಥಿಯೋಪಿಯಾದವರ ಮೇಲೆ ಗುಂಡು ಹಾರಿಸಿದ್ದವು. ಆಗಿನವರು ಅಬಿಸೀನಿಯಾ ಎನ್ನುತ್ತಿದ್ದದ್ದು ಇದೇ ದೇಶವನ್ನು. ಮುಂದಿನ ವರ್ಷದ ಯುದ್ಧಕ್ಕೆ ನೆಪ ಸಿಕ್ಕಿದ್ದು ಅಲ್ಲೇ.

ಸೈನ್ಯ ಇಲ್ಲದೆಯೂ ಲೀಗ್ ಯುದ್ಧ ನಿಲ್ಲಿಸಿದೆ. 1925ರ ಅಕ್ಟೋಬರಿನಲ್ಲಿ ಗಡಿಯಲ್ಲಿ ಒಂದು ಗುಂಡಿನ ಚಕಮಕಿ ಆಗಿ ಗ್ರೀಸ್ ಸೈನ್ಯ ಬಲ್ಗೇರಿಯಾದೊಳಕ್ಕೆ ನುಗ್ಗಿತು. ಆಗ ಗ್ರೀಸಿನಲ್ಲಿ ಕೂತಿದ್ದ ಜನರಲ್ ಪಂಗಾಲೋಸ್ ಕೂಡ ದಂಗೆ ಎದ್ದು ಅಧಿಕಾರ ಹಿಡಿದವನೇ. ಲೀಗ್ ವಾಪಸ್ ಹೋಗು ಎಂದಿತು. ಹೋದ. ಪರಿಹಾರವಾಗಿ 45,000 ಪೌಂಡ್ ಕಟ್ಟು ಎಂದಿತು. ಕಟ್ಟಿತು ಗ್ರೀಸ್.

ಇದೇ ಗ್ರೀಸಿಗೆ ಎರಡು ವರ್ಷ ಮುಂಚೆ ಆದದ್ದನ್ನು ಪಕ್ಕದಲ್ಲಿಟ್ಟು ನೋಡಬೇಕು. 1923ರ ಆಗಸ್ಟಿನಲ್ಲಿ ಗಡಿ ಗುರುತಿಸುವ ಕೆಲಸದಲ್ಲಿದ್ದ ಇಟಲಿಯ ಜನರಲ್ ಟೆಲ್ಲಿನಿಯನ್ನು ಗ್ರೀಸ್ ನೆಲದಲ್ಲಿ ಯಾರೋ ಕೊಂದರು. ಕೊಂದವರು ಯಾರೆಂದು ಗೊತ್ತಾಗುವ ಮೊದಲೇ ಮುಸೊಲಿನಿ ಗ್ರೀಸಿನ ಕೊರ್ಫು ದ್ವೀಪದ ಮೇಲೆ ಫಿರಂಗಿ ಹಾರಿಸಿದ. ಸತ್ತವರು ಅಲ್ಲಿನ ಹಳೆಯ ಕೋಟೆಯಲ್ಲಿ ಉಳಿದುಕೊಂಡಿದ್ದ ನಿರಾಶ್ರಿತರು. ಗ್ರೀಸ್ ಲೀಗಿನ ಬಾಗಿಲು ಬಡಿಯಿತು. ಆದರೆ ವಿಷಯವನ್ನು ಲೀಗಿನಿಂದ ಎತ್ತಿ, ದೊಡ್ಡ ದೇಶಗಳ ರಾಯಭಾರಿಗಳ ಸಭೆಯೊಂದಕ್ಕೆ ಒಪ್ಪಿಸಲಾಯಿತು. ಆ ಸಭೆ 5 ಕೋಟಿ ಲಿರಾ ದಂಡ ಹಾಕಿತು. ಬಾಂಬು ಹಾಕಿದವನಿಗಲ್ಲ, ಹಾಕಿಸಿಕೊಂಡ ಗ್ರೀಸಿಗೆ! ಎರಡೂ ಪ್ರಕರಣದಲ್ಲಿ ಲೀಗಿನ ನಿಯಮ ಅದೇ, ಸೈನ್ಯದ ಕೊರತೆಯೂ ಅದೇ. ಒಂದರಲ್ಲಿ ತಪ್ಪು ಮಾಡಿದ್ದು ಚಿಕ್ಕ ದೇಶ, ಇನ್ನೊಂದರಲ್ಲಿ ದೊಡ್ಡದು. ಈ ಎರಡನ್ನು ಪಕ್ಕಪಕ್ಕ ಇಟ್ಟು ಪಾಠ ಮಾಡಿದರೆ ಹಿಂದಿನ ಬೆಂಚಿನ ಹುಡುಗನೂ ಕಾರಣ ಹೇಳುತ್ತಾನೆ.

ಸರ್ವಾಧಿಕಾರಿಗಳ ಪಾಠಕ್ಕೂ ಇದೇ ಕಾಯಿಲೆ ಅಂಟಿದೆ. ನಾವು ಮೀಸೆ, ಸ್ವಸ್ತಿಕ, ಕಪ್ಪಂಗಿ, ಭಾಷಣ ಇಷ್ಟರಲ್ಲೇ ಮುಗಿಸುತ್ತೇವೆ. ಮಕ್ಕಳು ‘ಹಿಟ್ಲರ್ ಡೇರಿಂಗ್ ಅಲ್ವಾ ಸಾರ್’ ಎಂದು ಕೇಳುತ್ತಾರೆ. ಕೇಳದೆ ಇನ್ನೇನು ಮಾಡುತ್ತಾರೆ? ನಾವು ಹೇಳುವ ಕಥೆಯಲ್ಲಿ ಕೆಲಸ ಮಾಡುವವನು ಅವನೊಬ್ಬನೇ. ನಿಜ ಸಂಗತಿ ಬೇರೆ. ಇಟಲಿಯಲ್ಲಿ 1922ರ ಅಕ್ಟೋಬರಿನಲ್ಲಿ ಅಧಿಕಾರ ಹಿಡಿಯಲು ಹೊರಟ ಮುಸೊಲಿನಿಯ ಕಪ್ಪಂಗಿ ಪಡೆಯವರನ್ನು ತಡೆಯಲು ಪ್ರಧಾನಿ ತುರ್ತು ಪರಿಸ್ಥಿತಿಯ ಆದೇಶ ಬರೆಸಿ ತಂದರು. ದೊರೆ ವಿಕ್ಟರ್ ಇಮ್ಯಾನುಯೆಲ್ ಸಹಿ ಹಾಕಲಿಲ್ಲ. ಮುಸೊಲಿನಿಯನ್ನೇ ಕರೆಸಿ ಪ್ರಧಾನಿ ಮಾಡಿದ. ಜರ್ಮನಿಯಲ್ಲಿ 1932ರ ಜುಲೈನಲ್ಲಿ ನಾಜಿ ಪಕ್ಷಕ್ಕೆ 37.3 ಶೇಕಡಾ ಮತ ಬಂದಿತ್ತು, ನವೆಂಬರಿಗೆ 33.1ಕ್ಕೆ ಇಳಿಯಿತು. ಇಳಿಯುತ್ತಿದ್ದವನನ್ನು 1933ರ ಜನವರಿ 30ರಂದು ಕುರ್ಚಿಯಲ್ಲಿ ಕೂರಿಸಿದ್ದು ಅಧ್ಯಕ್ಷ ಹಿಂಡೆನ್‌ಬರ್ಗ್. ಇವನನ್ನು ನಾವು ಹದ್ದುಬಸ್ತಿನಲ್ಲಿ ಇಟ್ಟುಕೊಳ್ಳುತ್ತೇವೆ ಎಂದು ಸುತ್ತಲಿದ್ದ ದೊಡ್ಡಮನುಷ್ಯರು ಅವರಿಗೆ ಧೈರ್ಯ ಹೇಳಿದ್ದರು. ಎರಡು ತಿಂಗಳೂ ಕಳೆಯಲಿಲ್ಲ. ಮಾರ್ಚ್ 23ರಂದು ಪಾರ್ಲಿಮೆಂಟೇ ತನ್ನ ಅಧಿಕಾರವನ್ನು ಹಿಟ್ಲರನಿಗೆ ಬರೆದುಕೊಟ್ಟಿತು.

ಅದಾಗಿ ನಾಲ್ಕು ದಿನಕ್ಕೆ, ಮಾರ್ಚ್ 27ಕ್ಕೆ, ಲೀಗ್ ಬಿಡುತ್ತೇನೆಂದು ಜಪಾನ್ ನೋಟಿಸ್ ಕೊಟ್ಟಿತು. ಚೀನಾದ ಈಶಾನ್ಯ ಭಾಗವಾದ ಮಂಚೂರಿಯಾದ ಕಥೆ ನಿಮಗೆ ಗೊತ್ತು, ಹಾಗಾಗಿ ಬೇಗ ಹೇಳಿಬಿಡುತ್ತೇನೆ. 1931ರ ಸೆಪ್ಟೆಂಬರ್ 18ರ ರಾತ್ರಿ ಮುಕ್ಡೆನ್ ಬಳಿ ಜಪಾನಿ ಅಧಿಕಾರಿಗಳೇ ತಮ್ಮ ರೈಲು ಹಳಿಯ ಮೇಲೆ ಸ್ಫೋಟ ಮಾಡಿ, ಚೀನಿಯರು ಮಾಡಿದರು ಎಂದು ದಾಳಿ ಶುರು ಮಾಡಿದರು. ಹಳಿಗೆ ಆದ ಹಾನಿ ಎಷ್ಟು ಕಡಿಮೆ ಎಂದರೆ, ಆಮೇಲೆ ಬಂದ ರೈಲು ಅದರ ಮೇಲೇ ದಾಟಿ ಹೋಯಿತು. ಲೀಗ್ ವಿಚಾರಣಾ ಆಯೋಗ ಕಳಿಸಿತು. ಆಯೋಗ ಮಂಚೂರಿಯಾ ಮುಟ್ಟಿದ್ದು 1932ರ ಏಪ್ರಿಲಿನಲ್ಲಿ. ಅಷ್ಟರಲ್ಲಿ ಜಪಾನ್ ಅಲ್ಲೊಂದು ಬೊಂಬೆ ರಾಜ್ಯವನ್ನೇ ಕಟ್ಟಿ ಮುಗಿಸಿತ್ತು. ವರದಿ ಬಂತು, 42 ದೇಶ ಒಪ್ಪಿದವು, ಜಪಾನ್ ಒಂದೇ ವಿರೋಧ, ಸಯಾಮ್ (ಇಂದಿನ ಥಾಯ್ಲೆಂಡ್) ತಟಸ್ಥ. ಜಪಾನಿನ ಪ್ರತಿನಿಧಿ ಮತ್ಸುಒಕಾ ಎದ್ದು ಹೊರನಡೆದ. ಮುಂದೆ ಏನೂ ಇಲ್ಲ. ನ್ಯಾಯವಾಗಿ ಹೇಳಬೇಕೆಂದರೆ ಆಗ ಬ್ರಿಟನ್ನಿನ ಪರಿಸ್ಥಿತಿಯೂ ಕೆಟ್ಟಿತ್ತು. ಮುಕ್ಡೆನ್ ಸ್ಫೋಟವಾದ ಮೂರನೇ ದಿನಕ್ಕೆ ಅದು ಪೌಂಡಿಗೂ ಚಿನ್ನಕ್ಕೂ ಇದ್ದ ನಂಟನ್ನು ಕಡಿದುಕೊಂಡಿತ್ತು. ದೂರ, ದುಡ್ಡಿಲ್ಲ, ಅಮೆರಿಕ ಜೊತೆಗಿಲ್ಲ. ಮಂಚೂರಿಯಾದಲ್ಲಿ ಲೀಗಿನ ಕೈ ಕಟ್ಟಿತ್ತು ಎಂದರೆ ನಾನು ಅರ್ಧ ಒಪ್ಪುತ್ತೇನೆ.

ಇಥಿಯೋಪಿಯಾದ ವಿಷಯದಲ್ಲಿ ಒಪ್ಪುವುದಿಲ್ಲ. ಪಠ್ಯದಲ್ಲಿ ಇದು ಒಂದು ಸಾಲು, ‘1935ರಲ್ಲಿ ಇಟಲಿಯು ಅಬಿಸೀನಿಯಾವನ್ನು ಆಕ್ರಮಿಸಿತು’ ಎಂಬಷ್ಟು. ಪಾಠ ಇರುವುದೇ ಈ ಸಾಲಿನಲ್ಲಿ ಎಂದು ನನ್ನ ಅನಿಸಿಕೆ.

ಇಥಿಯೋಪಿಯಾ 1923ರಿಂದ ಲೀಗಿನ ಸದಸ್ಯ ದೇಶ. ಇಟಲಿ ಲೀಗಿನ ಕೌನ್ಸಿಲಿನಲ್ಲಿ ಕಾಯಂ ಕುರ್ಚಿ ಇದ್ದ ದೇಶ. 1935ರ ಅಕ್ಟೋಬರ್ 3ರಂದು ಇಟಲಿ ಯುದ್ಧ ಸಾರದೆಯೇ ನುಗ್ಗಿತು. ಈ ಸಲ ಲೀಗ್ ತಡ ಮಾಡಲಿಲ್ಲ. ವಾರದೊಳಗೆ ಇಟಲಿಯೇ ತಪ್ಪಿತಸ್ಥ ಎಂದು ತೀರ್ಮಾನವಾಯಿತು, 50 ದೇಶಗಳು ವ್ಯಾಪಾರ ದಿಗ್ಬಂಧನಕ್ಕೆ ಕೈ ಎತ್ತಿದವು. ‘ಎಲ್ಲರ ಒಪ್ಪಿಗೆ ಬೇಕಿತ್ತು’ ಎಂಬ ಪಾಯಿಂಟು ಇಲ್ಲಿ ಅಡ್ಡ ಬರಲೇ ಇಲ್ಲ. ಜನ ಯುದ್ಧದಿಂದ ಬೇಸತ್ತಿದ್ದರು ಎಂಬ ಸಮಜಾಯಿಷಿಯೂ ಪೂರ್ತಿ ನಿಲ್ಲುವುದಿಲ್ಲ. ಅದೇ ವರ್ಷ ಬ್ರಿಟನ್ನಿನಲ್ಲಿ ಒಂದು ಖಾಸಗಿ ಜನಮತ ನಡೆದಿತ್ತು, 1 ಕೋಟಿ 16 ಲಕ್ಷ ಜನ ಉತ್ತರಿಸಿದ್ದರು. ದಾಳಿ ಮಾಡುವ ದೇಶದ ವ್ಯಾಪಾರ ನಿಲ್ಲಿಸಿ ತಡೆಯಬೇಕು ಎಂದವರು 1 ಕೋಟಿಗೂ ಜಾಸ್ತಿ.

ದಿಗ್ಬಂಧನ ನವೆಂಬರ್ 18ರಿಂದ ಜಾರಿಗೆ ಬಂತು. ಇಟಲಿಗೆ ಏನೇನು ಮಾರಬಾರದು ಎಂಬ ಪಟ್ಟಿ ಇದೆ. ದಯವಿಟ್ಟು ಅದನ್ನು ಪಠ್ಯದಲ್ಲಿ ಹಾಗೇ ಅಚ್ಚು ಹಾಕಿಸಿ. ರಬ್ಬರ್, ತವರ, ಅಲ್ಯೂಮಿನಿಯಂ, ನಿಕ್ಕಲ್, ಮ್ಯಾಂಗನೀಸ್ ಇವೆಲ್ಲ ಇವೆ. ಕುದುರೆ, ಹೇಸರಗತ್ತೆ, ಕತ್ತೆ, ಒಂಟೆ ಇವೆ. ಪೆಟ್ರೋಲ್ ಇಲ್ಲ. ಕಬ್ಬಿಣದ ಅದಿರು ಮಾರಬಾರದು, ಉಕ್ಕು ಮಾರಬಹುದು. ಕಲ್ಲಿದ್ದಲು ಮಾರಬಹುದು. ಅಂದರೆ ಮುಸೊಲಿನಿಗೆ ಕತ್ತೆ ಸಿಗದಂತೆ 50 ದೇಶಗಳು ಕಾವಲು ಕಾಯುತ್ತಿದ್ದವು. ಅವನ ಲಾರಿ, ವಿಮಾನಗಳಿಗೆ ಎಣ್ಣೆ ಮಾತ್ರ ಹೋಗುತ್ತಲೇ ಇತ್ತು.

ಎಣ್ಣೆ ಯಾಕೆ ಬಿಟ್ಟರು? ಅಮೆರಿಕ ಲೀಗಿನಲ್ಲಿಲ್ಲ, ನಾವು ನಿಲ್ಲಿಸಿದರೆ ಅವರು ಮಾರುತ್ತಾರೆ ಎಂಬುದು ವಾದ. ಸುಳ್ಳಲ್ಲ, ಅಮೆರಿಕದ ಕಂಪನಿಗಳು ಮಾರುತ್ತಿದ್ದವು. ಆದರೆ ಇಟಲಿಗೆ ಎಣ್ಣೆ ಕೊಡುತ್ತಿದ್ದ ರುಮೇನಿಯಾ, ಸೋವಿಯತ್ ಒಕ್ಕೂಟ ಲೀಗಿನೊಳಗೇ ಇದ್ದವು. ಈ ಬಗ್ಗೆ ತಜ್ಞರ ಸಮಿತಿ ಮಾಡಿದರು. ಅಮೆರಿಕ ಹಿಂದಿನ ವರ್ಷಗಳಷ್ಟೇ ಮಾರಿದರೆ ಮೂರು–ಮೂರೂವರೆ ತಿಂಗಳಲ್ಲಿ ಇಟಲಿಯ ಎಣ್ಣೆ ಬರಿದಾಗುತ್ತದೆ ಎಂದು ಅದು ಹೇಳಿತು. ಹೇಳಿದ್ದು 1936ರ ಫೆಬ್ರವರಿಯಲ್ಲಿ. ಮೇ 5ಕ್ಕೆ ಇಟಲಿ ಸೈನ್ಯ ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾ ಹೊಕ್ಕಿತು. ಎಣ್ಣೆ ನಿಂತಿದ್ದರೆ ಒಂದು ವಾರದಲ್ಲಿ ವಾಪಸ್ ಬರಬೇಕಾಗುತ್ತಿತ್ತು ಎಂದು ಮುಸೊಲಿನಿ ಆಮೇಲೆ ಹಿಟ್ಲರನ ಮುಂದೆ ಒಪ್ಪಿಕೊಂಡದ್ದನ್ನು ಹಿಟ್ಲರನ ದುಭಾಷಿ ಪಾಲ್ ಸ್ಮಿತ್ ಬರೆದಿದ್ದಾನೆ.

ಇನ್ನು ಸೂಯೆಜ್ ಕಾಲುವೆ. ಇಟಲಿಯಿಂದ ಇಥಿಯೋಪಿಯಾದ ಕಡೆ ಹೋಗುವ ಹಡಗು ಅದರಲ್ಲೇ ಹೋಗಬೇಕು. ಇಲ್ಲದಿದ್ದರೆ ಇಡೀ ಆಫ್ರಿಕಾ ಸುತ್ತಬೇಕು. ಈಜಿಪ್ಟಿನಲ್ಲಿ ಬ್ರಿಟಿಷ್ ಸೈನ್ಯ ಇತ್ತು. ಬ್ರಿಟನ್ನಿನ ಯುದ್ಧ ಹಡಗುಗಳು ಅಲೆಕ್ಸಾಂಡ್ರಿಯಾ ಬಂದರಿನಲ್ಲಿ ಲಂಗರು ಹಾಕಿದ್ದವು. ಅವುಗಳ ಕಣ್ಣೆದುರೇ ಲಕ್ಷಗಟ್ಟಲೆ ಇಟಲಿ ಸೈನಿಕರು, ಅವರ ಜೊತೆ ವಿಷಾನಿಲದ ಬಾಂಬುಗಳು, ಸುಂಕ ಕಟ್ಟಿ ರಸೀದಿ ತೆಗೆದುಕೊಂಡು ದಾಟಿದವು. ಕಾಲುವೆ ಎಲ್ಲರಿಗೂ ತೆರೆದಿರಬೇಕು ಎಂದು 1888ರ ಒಪ್ಪಂದವಿದೆ ಎಂದರು. ವಿಷಾನಿಲ ಬಳಸಬಾರದು ಎಂದು 1925ರ ಒಪ್ಪಂದವೂ ಇತ್ತು, ಇಟಲಿ ಅದಕ್ಕೆ ಸಹಿ ಹಾಕಿತ್ತು. ಕಾಗದಗಳಲ್ಲಿ ಯಾವುದು ಹಳೆಯದೋ ಅದಕ್ಕೆ ಮರ್ಯಾದೆ ಅಂತ ಕಾಣುತ್ತದೆ!

ಎಣ್ಣೆಯ ಬಗ್ಗೆ ತೀರ್ಮಾನ ಆಗಬೇಕಿದ್ದ ಡಿಸೆಂಬರಿನಲ್ಲೇ ಬ್ರಿಟನ್ನಿನ ವಿದೇಶಾಂಗ ಮಂತ್ರಿ ಸ್ಯಾಮ್ಯುಯೆಲ್ ಹೋರ್ ಪ್ಯಾರಿಸಿನಲ್ಲಿ ಫ್ರಾನ್ಸಿನ ಪ್ರಧಾನಿ ಪಿಯೆರ್ ಲವಾಲ್ ಜೊತೆ ಗುಟ್ಟಾಗಿ ಕೂತ. ಇಥಿಯೋಪಿಯಾದ ದೊಡ್ಡ ಪಾಲನ್ನು ಇಟಲಿಗೆ ಕೊಡುವುದು, ಬದಲಿಗೆ ಇಥಿಯೋಪಿಯಾಕ್ಕೆ ಸಮುದ್ರ ಮುಟ್ಟಲು ಒಂದು ಸಣ್ಣ ಓಣಿ ಬಿಡುವುದು ಎಂದು ಮಾತಾಯಿತು. ಪ್ಯಾರಿಸಿನ ಪತ್ರಿಕೆಗಳಿಗೆ ಸುದ್ದಿ ಸೋರಿತು. ಲಂಡನ್ನಿನ ‘ಟೈಮ್ಸ್’ ಅದನ್ನು ‘ಒಂಟೆಗಳ ಓಣಿ’ ಎಂದು ಆಡಿಕೊಂಡಿತು. ಜನ ರೊಚ್ಚಿಗೆದ್ದರು. ಹೋರ್ ಅಷ್ಟರಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿ, ಮಂಜುಗಡ್ಡೆಯ ಮೇಲೆ ಜಾರಾಟವಾಡಲು ಹೋಗಿ ಮೂಗು ಮುರಿದುಕೊಂಡಿದ್ದ. ವಾಪಸ್ ಬಂದು ರಾಜೀನಾಮೆ ಕೊಟ್ಟ. ಆರು ತಿಂಗಳಲ್ಲಿ ನೌಕಾಪಡೆಯ ಮಂತ್ರಿಯಾಗಿ ಮತ್ತೆ ಬಂದ. ಮೂಗಿಗೆ ಆದಷ್ಟು ಪೆಟ್ಟು ಕುರ್ಚಿಗೆ ಆಗಲಿಲ್ಲ.

ಈ ಹೋರ್ ನಮ್ಮ ಮಕ್ಕಳಿಗೆ ಹೊಸಬನಲ್ಲ. 1935ರ ಭಾರತ ಸರ್ಕಾರ ಕಾಯ್ದೆಯನ್ನು ಅವರು ಬೇರೆ ಪಾಠದಲ್ಲಿ ಓದುತ್ತಾರೆ. ಭಾರತದ ಖಾತೆಯ ಕಾರ್ಯದರ್ಶಿಯಾಗಿ ಆ ಮಸೂದೆಯನ್ನು ಲಂಡನ್ನಿನ ಪಾರ್ಲಿಮೆಂಟಿನಲ್ಲಿ ದಡ ಸೇರಿಸಿದವನು ಇವನೇ. ಮಂಚೂರಿಯಾ ಆಯೋಗದ ಮುಖ್ಯಸ್ಥ ಲಾರ್ಡ್ ಲಿಟ್ಟನ್ ಕೂಡ ಬಂಗಾಳದ ಗವರ್ನರ್ ಆಗಿದ್ದವನು. ಹುಟ್ಟಿದ್ದು ಶಿಮ್ಲಾದಲ್ಲಿ, ಅಪ್ಪ ಆಗ ಇಲ್ಲಿ ವೈಸರಾಯ್. ಚೀನಾದ ಭೂಮಿ, ಇಥಿಯೋಪಿಯಾದ ಭೂಮಿ, ನಮ್ಮ ಭೂಮಿ ಮೂರರ ಫೈಲುಗಳೂ ಇದೇ ಜನರ ಮೇಜಿನ ಮೇಲೆ ಓಡಾಡುತ್ತಿದ್ದವು. ಭಾರತವೂ ಲೀಗಿನ ಮೊದಲ ದಿನದ ಸದಸ್ಯ, ಗೊತ್ತಲ್ವಾ? ಆಳಿಸಿಕೊಳ್ಳುವ ದೇಶ ಸದಸ್ಯನಾಗಿತ್ತು. ಅದರ ಪ್ರತಿನಿಧಿಗಳನ್ನು ಆರಿಸುತ್ತಿದ್ದದ್ದು ಬ್ರಿಟಿಷರು. ಎರಡು ಪಾಠಗಳನ್ನು ಬೇರೆ ಬೇರೆ ಡಬ್ಬಿಯಲ್ಲಿ ಹಾಕಿ ಮುಚ್ಚಿರುವುದು ನಾವೇ.

1936ರ ಜೂನ್ 30ರಂದು ರಾಜ್ಯ ಕಳೆದುಕೊಂಡ ಇಥಿಯೋಪಿಯಾದ ದೊರೆ ಹೈಲೆ ಸೆಲಾಸಿ ಲೀಗಿನ ಕಚೇರಿ ಇದ್ದ ಜಿನೀವಾದಲ್ಲಿ ಮಾತಾಡಲು ಎದ್ದು ನಿಂತ. ಮೇಲಿನ ಗ್ಯಾಲರಿಯಲ್ಲಿದ್ದ ಇಟಲಿಯ ಪತ್ರಕರ್ತರು ಸೀಟಿ ಊದಿ ಗಲಾಟೆ ಎಬ್ಬಿಸಿದರು. ಈ ಕಾಡುಜನರನ್ನು ಹೊರಗೆ ಹಾಕಿ ಎಂದು ರುಮೇನಿಯಾದ ಪ್ರತಿನಿಧಿ ಟಿಟುಲೆಸ್ಕು ಕೂಗಿದ. ಕಾಡುಜನ ಎಂದದ್ದು ಪತ್ರಕರ್ತರನ್ನು. ಗದ್ದಲ ಅಡಗುವವರೆಗೆ ದೊರೆ ಸುಮ್ನೆ ನಿಂತಿದ್ದು, ಆಮೇಲೆ ತನ್ನ ಅಮ್ಹಾರಿಕ್ ಭಾಷೆಯಲ್ಲೇ ಮಾತಾಡಿದ. ವಿಮಾನಗಳಿಗೆ ಸಿಂಪಡಿಸುವ ಯಂತ್ರ ಕಟ್ಟಿ, ಒಂಬತ್ತು, ಹದಿನೈದು, ಹದಿನೆಂಟರ ಗುಂಪುಗಳಲ್ಲಿ ಒಂದರ ಹಿಂದೆ ಒಂದು ಬಂದು, ಸಾವಿನ ಸಣ್ಣ ಮಳೆ ಸುರಿಸಿದ್ದನ್ನು ವಿವರಿಸಿದ. ಜನ, ದನ, ಕೆರೆ, ಹುಲ್ಲುಗಾವಲು ಯಾವುದನ್ನೂ ಬಿಡಲಿಲ್ಲ ಎಂದ. ನನ್ನ ಜನಕ್ಕೆ ಏನು ಉತ್ತರ ತೆಗೆದುಕೊಂಡು ಹೋಗಲಿ ಎಂದು ಕೇಳಿದ. ಸಾಲ ಕೊಡಿ ಎಂದು ಇಥಿಯೋಪಿಯಾ ಇಟ್ಟ ಠರಾವಿಗೆ ಪರವಾಗಿ ಬಿದ್ದದ್ದು ಒಂದೇ ಮತ, ಇಥಿಯೋಪಿಯಾದ್ದೇ. ಜುಲೈ 15ಕ್ಕೆ ದಿಗ್ಬಂಧನವನ್ನೂ ತೆಗೆದರು. ಕತ್ತೆ, ಒಂಟೆ ಮಾರಾಟ ಮತ್ತೆ ಶುರು.

ಅದೇ ಸಭಾಂಗಣದಲ್ಲಿ ಜುಲೈ 3ರಂದು ಸ್ಟೆಫಾನ್ ಲಕ್ಸ್ ಎಂಬ ಯಹೂದಿ ಪತ್ರಕರ್ತ ಜೀವ ಕೊಟ್ಟ. ಜರ್ಮನಿಯಲ್ಲಿ ತನ್ನ ಜನಕ್ಕೆ ಏನಾಗುತ್ತಿದೆ ಎಂಬುದನ್ನು ಜಗತ್ತು ಗಮನಿಸಲಿ ಎಂಬುದಷ್ಟೇ ಅವನ ಉದ್ದೇಶವಾಗಿತ್ತು. ಸಭೆಯ ಕಾರ್ಯಕಲಾಪ ಮುಂದುವರಿಯಿತು.

ಇದನ್ನೆಲ್ಲ ಹಿಟ್ಲರ್ ನೋಡುತ್ತಿದ್ದ. ಬ್ರಿಟನ್, ಫ್ರಾನ್ಸ್ ಇಥಿಯೋಪಿಯಾದ ಗೋಜಲಿನಲ್ಲಿ ಇದ್ದಾಗಲೇ, 1936ರ ಮಾರ್ಚ್ 7ರಂದು, ಫ್ರಾನ್ಸ್ ಗಡಿಯ ಕಡೆಗಿನ ಜರ್ಮನಿಯದೇ ನಾಡಾದ, ಆದರೆ ಸೈನ್ಯ ಇಡಬಾರದೆಂದು ಒಪ್ಪಂದವಾಗಿದ್ದ ರೈನ್‌ಲ್ಯಾಂಡಿಗೆ ಸೈನ್ಯ ಕಳಿಸಿದ. ರೈನ್ ನದಿ ದಾಟಿ ಗಡಿಯತ್ತ ಹೋದದ್ದು ಬರೀ ಮೂರು ಬೆಟಾಲಿಯನ್. ಫ್ರೆಂಚರು ಎದುರು ಬಂದರೆ ಹಿಂದೆ ಸರಿಯಿರಿ ಎಂಬ ಆದೇಶ ಅವರ ಜೇಬಿನಲ್ಲಿತ್ತು. ಫ್ರೆಂಚರು ಬರಲಿಲ್ಲ. ‘ಡೇರಿಂಗ್’ ಎಂದು ಕೇಳುವ ಹುಡುಗನಿಗೆ ನಾನು ಈ ಮೂರು ಬೆಟಾಲಿಯನ್ನಿನ ಲೆಕ್ಕ ಹೇಳುತ್ತೇನೆ. ಆಮೇಲಿನದು ಇಳಿಜಾರು. ಸ್ಪೇನ್, ಆಸ್ಟ್ರಿಯಾ, ಜೆಕೊಸ್ಲೊವಾಕಿಯಾವನ್ನೇ ಕರೆಯದೆ ಅದರ ನೆಲ ಹಂಚಿದ ಮ್ಯೂನಿಕ್ ಒಪ್ಪಂದ, ಪೋಲೆಂಡ್. ಈ ಪಟ್ಟಿ ಮಕ್ಕಳಿಗೆ ಬಾಯಿಗೆ ಬರುತ್ತದೆ, ಅದನ್ನು ಚೆನ್ನಾಗಿಯೇ ಕಲಿಸಿದ್ದೀರಿ.

ಹೋರ್, ಲವಾಲ್ ಮಾತ್ರ ದಡ್ಡರು, ಉಳಿದವರು ಸಾಚಾ ಎಂದು ನಾನು ಹೇಳುತ್ತಿಲ್ಲ. ಅವರಿಗೂ ಒಂದು ಲೆಕ್ಕ ಇತ್ತು. ಹಿಟ್ಲರನೇ ದೊಡ್ಡ ಅಪಾಯ, ಅವನ ವಿರುದ್ಧ ಮುಸೊಲಿನಿ ಬೇಕು, ಇಥಿಯೋಪಿಯಾಕ್ಕಾಗಿ ಅವನನ್ನು ಕಳೆದುಕೊಳ್ಳುವುದು ಬೇಡ ಎಂಬ ಲೆಕ್ಕ. ಮೊದಲ ಮಹಾಯುದ್ಧದಲ್ಲಿ ಹದಿಮೂರು–ಹದಿನಾಲ್ಕು ಲಕ್ಷ ಸೈನಿಕರನ್ನು ಮಣ್ಣು ಮಾಡಿದ್ದ ಫ್ರಾನ್ಸಿಗೆ ಹಾಗನ್ನಿಸಿದರೆ ಆಶ್ಚರ್ಯ ಏನಿದೆ? ಆದರೆ ಪೂರ್ತಿ ದಿಗ್ಬಂಧನ ಹಾಕಿ ಅವನನ್ನು ನಿಲ್ಲಿಸಲೂ ಇಲ್ಲ, ಹಾಕದೆ ಬಿಟ್ಟು ಸ್ನೇಹ ಉಳಿಸಿಕೊಳ್ಳಲೂ ಇಲ್ಲ. ಅರ್ಧಂಬರ್ಧ ಮಾಡಿ ಎರಡನ್ನೂ ಕಳೆದುಕೊಂಡರು. ಮಕ್ಕಳು ವಾದ ಮಾಡಬೇಕಾದದ್ದು ಈ ಲೆಕ್ಕದ ಮೇಲೆ.

ಇದರ ಬಿಲ್ ನಮ್ಮ ಕಡೆಗೂ ಬಂತು. 1936ರ ಮಾರ್ಚಿನಲ್ಲಿ ಹೆಂಡತಿ ಕಮಲಾ ತೀರಿಕೊಂಡು ಕೆಲವೇ ದಿನಗಳಾಗಿದ್ದಾಗ ರೋಮ್ ಮೂಲಕ ಊರಿಗೆ ಹೊರಟಿದ್ದ ನೆಹರೂ ಅವರನ್ನು ಮುಸೊಲಿನಿ ಭೇಟಿಗೆ ಕರೆದ. ಅವನ ಕಡೆಯವರು ಎಷ್ಟು ಒತ್ತಾಯ ಮಾಡಿದರೂ ನೆಹರೂ ಹೋಗಲಿಲ್ಲ. ಆ ಮೇ ತಿಂಗಳಲ್ಲಿ ಕಾಂಗ್ರೆಸ್ ದೇಶದಲ್ಲೆಲ್ಲ ಅಬಿಸೀನಿಯಾ ದಿನ ಆಚರಿಸಿತು. ಐದು ವರ್ಷದ ಮೇಲೆ, 1941ರಲ್ಲಿ, ಅದೇ ಇಟಲಿ ಸೈನ್ಯವನ್ನು ಅಲ್ಲಿಂದ ಓಡಿಸಲು ಬೆಟ್ಟ ಹತ್ತಿದವರಲ್ಲಿ ಬಹುಪಾಲು ಭಾರತೀಯರು. ಇಥಿಯೋಪಿಯಾದ ಪಕ್ಕದ ಎರಿಟ್ರಿಯಾದ ಕೆರೆನ್ ಎಂಬಲ್ಲಿ 4 ಮತ್ತು 5ನೇ ಭಾರತೀಯ ಡಿವಿಷನ್ನುಗಳು ಫೆಬ್ರವರಿಯಿಂದ ಮಾರ್ಚ್ ಕೊನೆಯವರೆಗೆ ಕಡಿದಾದ ಬೆಟ್ಟಗಳಲ್ಲಿ ಹೋರಾಡಿದವು. ಸುಬೇದಾರ್ ರಿಚ್‌ಪಾಲ್ ರಾಮ್ ಅಲ್ಲಿ ಪಾದ ಸಿಡಿದುಹೋದ ಮೇಲೂ ತನ್ನವರನ್ನು ಮುಂದೆ ಹೋಗಿ ಎಂದು ಹುರಿದುಂಬಿಸುತ್ತಾ ಸತ್ತ. ಅವನಿಗೆ ವಿಕ್ಟೋರಿಯಾ ಕ್ರಾಸ್ ಬಂತು. ಆ ವರ್ಷಗಳಲ್ಲಿ ಸೆರೆಸಿಕ್ಕ ಇಟಲಿ ಸೈನಿಕರನ್ನು ತಂದಿಟ್ಟ ಶಿಬಿರಗಳು ಬೆಂಗಳೂರಿನಲ್ಲೂ ಇದ್ದವು, ಜಾಲಹಳ್ಳಿಯ ಕಡೆ. ಬೆಂಗಳೂರಿನ ಶಿಕ್ಷಕರು ಈ ಪಾಠವನ್ನು ಅಲ್ಲಿಂದಲೇ ಶುರು ಮಾಡಬಹುದು.

ಹಾಗಾಗಿ ನನ್ನ ಕೋರಿಕೆ ಇಷ್ಟು. ‘ವಿಫಲವಾಗಲು ಕಾರಣಗಳೇನು’ ಎಂಬ ಪ್ರಶ್ನೆ ತೆಗೆದುಬಿಡಿ. ಬದಲಿಗೆ ದಿಗ್ಬಂಧನದ ಪಟ್ಟಿ ಕೊಟ್ಟು, ಇದರಲ್ಲಿ ಏನು ಕಾಣೆಯಾಗಿದೆ, ಯಾಕೆ ಇರಬಹುದು ಎಂದು ಕೇಳಿ. ಇಲ್ಲವೇ ಸೂಯೆಜ್ ಇರುವ ನಕ್ಷೆ ಕೊಟ್ಟು, 1935ರಲ್ಲಿ ನೀವು ಬ್ರಿಟನ್ನಿನ ಮಂತ್ರಿಯಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿ. ಕಾಲುವೆ ಮುಚ್ಚುವುದಿಲ್ಲ ಎಂದು ಬರೆದ ಮಗುವಿಗೂ, ಕಾರಣ ಸರಿ ಇದ್ದರೆ, ಪೂರ್ತಿ ಅಂಕ ಕೊಡಿ. ಜಾಗ ಸಾಲದಿದ್ದರೆ ಒಪ್ಪಂದಗಳ ತಾರೀಕುಗಳನ್ನು ಸ್ವಲ್ಪ ಕಡಿಮೆ ಮಾಡಿ, ನನ್ನನ್ನೂ ಸೇರಿಸಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇಂಥ ಪ್ರಶ್ನೆಗೆ ಕೀ ಉತ್ತರ ಬರೆಯುವುದು ಕಷ್ಟ ಎಂದು ನೀವು ಹೇಳುವುದು ಗೊತ್ತು. ಮೌಲ್ಯಮಾಪನ ಕೇಂದ್ರದಲ್ಲಿ ದಿನಕ್ಕೆ ಇಷ್ಟು ಎಂದು ಉತ್ತರ ಪತ್ರಿಕೆ ತಿದ್ದುವವರಲ್ಲಿ ನಾನೂ ಒಬ್ಬ. ಒಂದೊಂದು ಮಗು ಒಂದೊಂದು ಥರ ಬರೆದಿದ್ದರೆ ಓದಲು ಹೊತ್ತು ಹಿಡಿಯುತ್ತದೆ. ದಿನಕ್ಕೆ ತಿದ್ದುವ ಪತ್ರಿಕೆಗಳ ಸಂಖ್ಯೆಯನ್ನು ಸ್ವಲ್ಪ ಕಡಿಮೆ ಮಾಡಿಕೊಡಿ, ಓದುತ್ತೇವೆ.

ಇಂತಿ,
ಒಬ್ಬ ಸಮಾಜ ವಿಜ್ಞಾನ ಶಿಕ್ಷಕ